ಸೋಲ್ಫೆರಿನೊದಲ್ಲಿ ಗೆದ್ದವರು ಯಾರು?

ಯುರೋಪಿನ ಯುದ್ಧಗಳ ಚರಿತ್ರೆಗೆ ಒಂದು ವಿಚಿತ್ರ ಆಕರ್ಷಣೆಯಿದೆ. ಆಸ್ಟರ್‌ಲಿಟ್ಸ್, ವಾಟರ್‌ಲೂ, ಸೆಡಾನ್, ವೆರ್ಡೂನ್ ಎಂಬ ಹೆಸರುಗಳೇ ನಗಾರಿಯ ಸದ್ದಿನಂತೆ ಕೇಳಿಸುತ್ತವೆ. ಪುಸ್ತಕದ ನಕ್ಷೆಯಲ್ಲಿ ಒಂದು ಸೈನ್ಯ ನೀಲಿ ಬಾಣವಾದರೆ ಇನ್ನೊಂದು ಕೆಂಪು ಬಾಣ. ನೀಲಿ ಬಾಣ ಸುತ್ತಿ ಬಳಸಿ ಕೆಂಪು ಬಾಣದ ಬೆನ್ನಿಗೆ ಬಂದು ನಿಂತರೆ ಸೇನಾನಿಯ ಜಾಣ್ಮೆಗೆ ನಾವು ತಲೆದೂಗುತ್ತೇವೆ. ಆ ಬಾಣದೊಳಗೆ ಹತ್ತಿಪ್ಪತ್ತು ಸಾವಿರ ಮನುಷ್ಯರು ಇದ್ದರು, ಅವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದನ್ನು ನಕ್ಷೆ ಹೇಳುವುದಿಲ್ಲ. ನಕ್ಷೆಯ ಬಾಣಕ್ಕೆ ಬಾಯಾರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವನು. ನಮ್ಮ ಪ್ರಶ್ನೆಪತ್ರಿಕೆಗಳೂ ಈ ಬಾಣಗಳ ಭಾಷೆಯಲ್ಲೇ ಇರುತ್ತವೆ. ಯುದ್ಧ ಯಾವಾಗ ನಡೆಯಿತು, ಯಾರ ನಡುವೆ ನಡೆಯಿತು, ಫಲಿತಾಂಶವೇನು, ಒಪ್ಪಂದದ ಹೆಸರೇನು. ನಾಲ್ಕು ಉತ್ತರಕ್ಕೆ ನಾಲ್ಕು ಅಂಕ. ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗನಿಗಂತೂ ಇದು ಆಟವೇ ಆಗಿಬಿಟ್ಟಿದೆ. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ಯುದ್ಧದ ಹೆಸರು, ಇಸವಿ, ಸೇನಾನಿ, ಆಯುಧ, ಸತ್ತವರ ಸಂಖ್ಯೆ, ಗೆದ್ದವರು ಎಂದು ಕಾಲಂ ಮಾಡಿಕೊಂಡಿದ್ದಾನೆ. ಅದನ್ನು ನೋಡಿ ನಾನು ಗದರಿಲ್ಲ. ಓದುವ ಹುಡುಗ ಓದಲಿ. ಆದರೆ ಒಮ್ಮೆ ಅವನು 1859ರ ಸಾಲಿಗೆ ಬಂದು ನಿಂತ. "ಉಪ್ಪಾ, ಸೋಲ್ಫೆರಿನೊದಲ್ಲಿ ಗೆದ್ದದ್ದು ಯಾರು ಅಂತ ಬರೆಯಲಿ?" ಎಂದು ಕೇಳಿದ. ಫ್ರಾನ್ಸ್ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಹಾಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಕಾಲಂ ಸದ್ಯ ಖಾಲಿ ಇರಲಿ, ಮೊದಲು ಕತೆ ಕೇಳು ಎಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸೋಲ್ಫೆರಿನೊ ಉತ್ತರ ಇಟಲಿಯಲ್ಲಿ ಗಾರ್ಡಾ ಸರೋವರದ ದಕ್ಷಿಣಕ್ಕಿರುವ ಗುಡ್ಡಗಾಡಿನ ಒಂದು ಸಣ್ಣ ಊರು. ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಲೊಂಬಾರ್ಡಿ ಮತ್ತು ವೆನಿಸ್ ಪ್ರಾಂತಗಳು ಆಸ್ಟ್ರಿಯದ ಕೈಯಲ್ಲಿದ್ದವು. ಅವುಗಳನ್ನು ಬಿಡಿಸಿಕೊಳ್ಳಲು ಸಾರ್ಡಿನಿಯದ ದೊರೆ ಎರಡನೆಯ ವಿಕ್ಟರ್ ಇಮ್ಯಾನುಯೆಲ್ ಹೊರಟಾಗ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅವನ ಜೊತೆಗೂಡಿದ. ಇವನು ಹೆಸರಾಂತ ನೆಪೋಲಿಯನ್ನನ ತಮ್ಮನ ಮಗ. ಎದುರಿಗೆ ಇದ್ದವನು ಆಸ್ಟ್ರಿಯದ ಚಕ್ರವರ್ತಿ ಫ್ರಾಂಟ್ಸ್ ಯೋಸೆಫ್. ಅವನಿಗೆ ಆಗ ಬರೀ 28 ವರ್ಷ. ಮೂವರು ಅರಸರೂ ಖುದ್ದಾಗಿ ರಣರಂಗಕ್ಕೆ ಬಂದಿದ್ದರು. ಯುರೋಪಿನ ಇಷ್ಟು ದೊಡ್ಡ ಕದನವೊಂದರಲ್ಲಿ ಅರಸರೇ ಹೀಗೆ ಸೈನ್ಯ ನಡೆಸಿದ್ದು ಅದೇ ಕೊನೆ ಎಂದು ಚರಿತ್ರಕಾರರು ಹೇಳುತ್ತಾರೆ.

1859ರ ಜೂನ್ 24ರಂದು ಅಲ್ಲಿ ಯುದ್ಧವಾಗಬೇಕು ಎಂದು ಎರಡು ಕಡೆಯವರೂ ಯೋಜಿಸಿರಲಿಲ್ಲ. ಮಿಂಚಿಯೊ ನದಿಯಾಚೆ ಸರಿದಿದ್ದ ಆಸ್ಟ್ರಿಯದ ಸೈನ್ಯ ಮತ್ತೆ ನದಿ ದಾಟಿ ಮುಂದೆ ಬಂದಿತ್ತು. ಫ್ರೆಂಚರಿಗೆ ಅದು ಗೊತ್ತಿರಲಿಲ್ಲ. ಬೆಳಗಿನ ಜಾವದ ನಡಿಗೆಯಲ್ಲಿ ಎರಡು ಸೈನ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಹದಿನೈದು ಕಿಲೋಮೀಟರಿಗೂ ಉದ್ದದ ಸಾಲಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇಡೀ ದಿನ ಹೊಡೆದಾಡಿದರು. ನಡುವೆ ಸೋಲ್ಫೆರಿನೊದ ಹಳೆಯ ಗೋಪುರವಿದ್ದ ಗುಡ್ಡ, ಸ್ಮಶಾನ, ಸೈಪ್ರೆಸ್ ಮರಗಳ ದಿಬ್ಬ. ಇವುಗಳಿಗಾಗಿ ಹೆಚ್ಚಿನ ರಕ್ತ ಹರಿಯಿತು. ಉತ್ತರದಲ್ಲಿ ಸ್ಯಾನ್ ಮಾರ್ಟಿನೊ ದಿಬ್ಬವನ್ನು ಆಸ್ಟ್ರಿಯದ ಸೇನಾನಿ ಬೆನೆಡೆಕ್ ಹಿಡಿದುಕೊಂಡು ಸಾರ್ಡಿನಿಯದವರನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದ. ಸಂಜೆಯ ಹೊತ್ತಿಗೆ ಭಾರೀ ಗಾಳಿಮಳೆ ಬಂತು. ಆ ಮಳೆಯ ಮರೆಯಲ್ಲಿ ಆಸ್ಟ್ರಿಯದ ಸೈನ್ಯ ಹಿಂದೆ ಸರಿಯಿತು.

ಆಯುಧಗಳ ಚರಿತ್ರೆಯಲ್ಲೂ ಈ ಕದನಕ್ಕೆ ಹೆಸರಿದೆ. ಫ್ರೆಂಚರು ನಳಿಗೆಯ ಒಳಗೆ ತಿರುಪುಗೆರೆ ಕೊರೆದ ಹೊಸ ಫಿರಂಗಿಗಳನ್ನು ತಂದಿದ್ದರು. ಆಸ್ಟ್ರಿಯದವರ ನುಣುಪು ನಳಿಗೆಯ ಫಿರಂಗಿಗಳಿಗೆ ಎಟುಕದಷ್ಟು ದೂರಕ್ಕೆ ಅವು ಗುರಿಯಿಟ್ಟು ಹೊಡೆಯುತ್ತಿದ್ದವು. ಬಂದೂಕುಗಳಲ್ಲಿಯೂ ತಿರುಪುಗೆರೆ ಬಂದಿತ್ತು. ಅವುಗಳಿಗೆ ಬಳಸುತ್ತಿದ್ದ ಮೆತ್ತನೆ ಸೀಸದ ಮೊನಚು ಗುಂಡು ಹಳೆಯ ದುಂಡು ಗುಂಡಿನಂತಲ್ಲ. ಎಲುಬಿಗೆ ತಾಗಿದರೆ ಎಲುಬನ್ನು ಚೂರುಚೂರು ಮಾಡುತ್ತಿತ್ತು. ಕೈಕಾಲು ಕತ್ತರಿಸುವುದೊಂದೇ ಆಗ ವೈದ್ಯರಿಗೆ ಗೊತ್ತಿದ್ದ ದಾರಿ. ಗಾಯ ಕೀವಾಗದಂತೆ ಔಷಧಿಯಿಂದ ತೊಳೆಯುವ ಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ, ಎಂದರೆ ಇನ್ನೂ ಎಂಟು ವರ್ಷ ಕಳೆದ ಮೇಲೆ. ಸೈನಿಕರನ್ನು ರಣರಂಗಕ್ಕೆ ಸಾಗಿಸಲು ಫ್ರಾನ್ಸ್ ರೈಲುಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತ್ತು. ಗಾಯಾಳುಗಳನ್ನು ಹೊರುವ ವ್ಯವಸ್ಥೆ ಮಾತ್ರ ಹಳೆಯ ಕಾಲದ್ದೇ ಆಗಿತ್ತು. ಆ ಸೈನ್ಯದಲ್ಲಿ ಮನುಷ್ಯರ ವೈದ್ಯರಿಗಿಂತ ಕುದುರೆಗಳ ವೈದ್ಯರೇ ಹೆಚ್ಚಿದ್ದರು ಎಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಎರಡೂ ಕಡೆ ಒಂದೇ ದಿನದಲ್ಲಿ ಸುಮಾರು 40 ಸಾವಿರ.

ಪಠ್ಯಪುಸ್ತಕದ ಯುದ್ಧ ಇಲ್ಲಿಗೆ ಮುಗಿಯುತ್ತದೆ. ಆದರೆ ಗಾಯಾಳುಗಳ ಪಾಲಿಗೆ ಅದು ಆಗ ತಾನೇ ಶುರುವಾಗಿತ್ತು. ನಡೆಯಲು ಶಕ್ತಿಯಿದ್ದವರು ನಡೆದು, ಇಲ್ಲದವರು ಗಾಡಿ ಮತ್ತು ಹೇಸರಗತ್ತೆಗಳ ಮೇಲೆ, ಹತ್ತಿರದ ಕಾಸ್ತಿಲ್ಯೋನೆ ಎಂಬ ಪಟ್ಟಣಕ್ಕೆ ಬಂದು ಸೇರತೊಡಗಿದರು. ಪಟ್ಟಣದ ಜನಸಂಖ್ಯೆಯೇ ಕೆಲವು ಸಾವಿರ. ಮೂರು ದಿನಗಳಲ್ಲಿ ಅಲ್ಲಿಗೆ ಬಂದ ಗಾಯಾಳುಗಳು ಸುಮಾರು 9 ಸಾವಿರ. ಚರ್ಚುಗಳು, ಮಠಗಳು, ಮನೆಗಳು ತುಂಬಿದವು. ಕೊನೆಗೆ ಬೀದಿಯಲ್ಲೇ ಹುಲ್ಲು ಹಾಸಿ ಮಲಗಿಸಿದರು. ಊರಿನ ದೊಡ್ಡ ಚರ್ಚಿನ ಒಳಗೆ ಸುಮಾರು 500 ಮಂದಿ, ಹೊರಗಿನ ಅಂಗಳದಲ್ಲಿ ಇನ್ನೂ ನೂರು ಮಂದಿ. ನೀರಿತ್ತು, ಆಹಾರವಿತ್ತು, ಆದರೂ ಜನ ಬಾಯಾರಿ ಸಾಯುತ್ತಿದ್ದರು. ನೀರನ್ನು ಬಾಯಿಯವರೆಗೆ ತಲುಪಿಸುವ ಕೈಗಳು ಸಾಲದೆ ಹೋಗಿದ್ದವು.

ಆ ಹೊತ್ತಿಗೆ ಬಿಳಿ ಉಡುಪಿನ ಒಬ್ಬ ವ್ಯಾಪಾರಿ ಆ ಊರಿನಲ್ಲಿದ್ದ. ಸ್ವಿಟ್ಸರ್‌ಲೆಂಡಿನ ಜಿನೀವಾದವನು, ವಯಸ್ಸು 31, ಹೆಸರು ಹೆನ್ರಿ ಡ್ಯುನಾಂಟ್. ಅವನು ವೈದ್ಯನಲ್ಲ, ಸೈನಿಕನಲ್ಲ, ಸಮಾಜಸೇವಕನಾಗಿಯೂ ಬಂದವನಲ್ಲ. ಅವನು ಬಂದ ಕಾರಣವನ್ನು ನಾವು ಮರೆಯಬಾರದು. ಫ್ರಾನ್ಸ್ 1830ರಿಂದ ಅಲ್ಜೀರಿಯವನ್ನು ಆಕ್ರಮಿಸಿಕೊಳ್ಳುತ್ತ ಬಂದಿತ್ತು. ಅಲ್ಲಿಯ ಜನರಿಂದ ಕಿತ್ತುಕೊಂಡ ನೆಲ ಯುರೋಪಿನವರಿಗೆ ಹಂಚಿಕೆಯಾಗುತ್ತಿತ್ತು. ಆ ನಾಡಿನಲ್ಲಿ ಡ್ಯುನಾಂಟ್ ಹಿಟ್ಟಿನ ಗಿರಣಿಯ ಕಂಪೆನಿಯೊಂದನ್ನು ಕಟ್ಟಿದ್ದ. ಗಿರಣಿಗೆ ನೀರಿನ ಹಕ್ಕು, ಇನ್ನಷ್ಟು ಭೂಮಿ ಬೇಕಾಗಿತ್ತು. ಅಧಿಕಾರಿಗಳು ಕೊಡಲಿಲ್ಲ. ನೇರವಾಗಿ ಚಕ್ರವರ್ತಿಯನ್ನೇ ಕಂಡು ಕೇಳೋಣವೆಂದು, ಅವನನ್ನು ಹೊಗಳಿ ತಾನೇ ಬರೆದ ಪುಸ್ತಕದೊಂದಿಗೆ ಯುದ್ಧಭೂಮಿಗೆ ಬಂದಿದ್ದ.

ಅದೇ ಅಲ್ಜೀರಿಯದ ಮುಸ್ಲಿಂ ಸೈನಿಕರು ಫ್ರೆಂಚ್ ಬಾವುಟದ ಕೆಳಗೆ ಸೋಲ್ಫೆರಿನೊದಲ್ಲಿ ಕಾದಾಡಿದರು. ಜನ ಅವರನ್ನು 'ಟರ್ಕೊ'ಗಳು ಎಂದು ಕರೆಯುತ್ತಿದ್ದರು. ತಮ್ಮ ನಾಡನ್ನು ಗೆದ್ದವನ ಪರವಾಗಿ, ತಮಗೆ ಸಂಬಂಧವೇ ಇಲ್ಲದ ಗುಡ್ಡಕ್ಕಾಗಿ ಅವರು ಸತ್ತರು. ಎದುರಿನ ಆಸ್ಟ್ರಿಯದ ಸೈನ್ಯದಲ್ಲೂ ಜರ್ಮನ್ ಮಾತನಾಡುವವರ ಜೊತೆ ಹಂಗೇರಿಯವರು, ಕ್ರೊವೇಷಿಯದವರು, ಜೆಕ್ಕರು ಇದ್ದರು. ವೆನಿಸ್ ಕಡೆಯ ಇಟಲಿಯವರೂ ಇದ್ದರು. ಇಟಲಿಯ ಬಿಡುಗಡೆಯ ಯುದ್ಧದಲ್ಲಿ ಇಟಲಿಯವನೇ ಇಟಲಿಯವನ ಮೇಲೆ ಗುಂಡು ಹಾರಿಸಿದ. ನಕ್ಷೆಯ ಬಾಣಕ್ಕೆ ಒಂದೇ ಬಣ್ಣ. ಬಾಣದೊಳಗಿನ ಮನುಷ್ಯರಿಗೆ ಹತ್ತು ಭಾಷೆ.

ಕಾಸ್ತಿಲ್ಯೋನೆಯ ಬೀದಿಯಲ್ಲಿ ನರಳಾಟ ಕೇಳಿದ ಡ್ಯುನಾಂಟನಿಗೆ ಗಿರಣಿಯ ಚಿಂತೆ ದೂರವಾಯಿತು. ಅವನು ಮಾಡಿದ್ದು ದೊಡ್ಡ ಕೆಲಸಗಳನ್ನಲ್ಲ. ಹುಡುಗರನ್ನು ಕರೆದು ಬಕೆಟ್ಟುಗಳಲ್ಲಿ ನೀರು ತರಿಸಿದ. ಹೆಂಗಸರನ್ನು ಸೇರಿಸಿ ಗಾಯ ತೊಳೆಯುವವರು, ಗಂಜಿ ಕುಡಿಸುವವರು ಎಂದು ಕೆಲಸ ಹಂಚಿದ. ತನ್ನ ಗಾಡಿಯವನನ್ನು ಬ್ರೆಶಿಯಾ ಪಟ್ಟಣಕ್ಕೆ ಕಳಿಸಿ ನಿಂಬೆಹಣ್ಣು, ಸಕ್ಕರೆ, ಅಂಗಿ, ಹೊಗೆಸೊಪ್ಪು ತರಿಸಿದ. ಸಾಯುತ್ತಿದ್ದವರು ಮನೆಗೆ ಹೇಳಿಕಳಿಸಿದ ಮಾತುಗಳನ್ನು ಬರೆದುಕೊಂಡ. ಅವನು ದೇಶ ನೋಡದೆ ಉಪಚಾರ ಮಾಡುವುದನ್ನು ಕಂಡು ಆ ಊರಿನ ಹೆಂಗಸರೂ ಫ್ರೆಂಚ್, ಆಸ್ಟ್ರಿಯ, ಅರಬ್ ಎಂದು ಭೇದ ಮಾಡದೆ ಎಲ್ಲರೂ ಸೋದರರೇ ಎನ್ನುತ್ತ ನೀರು ಕುಡಿಸಿದರು. ಆಸ್ಟ್ರಿಯದ ಆಳ್ವಿಕೆಯಲ್ಲಿ ನೊಂದಿದ್ದ ಜನ ಅವರು. ಆಸ್ಟ್ರಿಯದ ಗಾಯಾಳುವಿನ ತಲೆ ಎತ್ತಿ ನೀರು ಕುಡಿಸುವುದು ಅವರಿಗೆ ಸುಲಭದ ಮಾತಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಒಳ್ಳೆಯ ನೀತಿಕತೆ. ಆದರೆ ಯುದ್ಧದ ಮರುದಿನ ಅದೇ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಸೆರೆಸಿಕ್ಕ ಆಸ್ಟ್ರಿಯದ ಸೈನಿಕರನ್ನು ಕಾವಲಿನಲ್ಲಿ ಕರೆತರುತ್ತಿದ್ದುದನ್ನು ದೂರದಿಂದ ಕಂಡ ಯಾರೋ ಶತ್ರು ಸೈನ್ಯ ವಾಪಸು ಬಂತು ಎಂದು ಕೂಗಿದರು. ಕ್ಷಣದಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಜನ ಬಾಗಿಲು ಭದ್ರಪಡಿಸಿಕೊಂಡರು, ಗಾಡಿಗಳು ದಿಕ್ಕಾಪಾಲಾದವು, ಹಾರಿಸಿದ್ದ ಫ್ರೆಂಚ್ ಬಾವುಟಗಳು ಮಾಯವಾದವು. ಬಂದವರು ಕೈದಿಗಳು ಎಂದು ಗೊತ್ತಾದ ಮೇಲೆ ಎಲ್ಲ ತಣ್ಣಗಾಯಿತು. ಆದರೆ ಆ ಗದ್ದಲದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರು ಇರಲಿಲ್ಲ.

ಈ ಘಟನೆಯನ್ನು ಮೊದಲು ಓದಿದಾಗ ನನಗೆ ಆ ಜನರ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ ನನ್ನ ಅಣ್ಣನ ತಲೆಗೆ ಕಲ್ಲು ಬಿದ್ದು ಆಸ್ಪತ್ರೆ ಸೇರಿಸಬೇಕಾಯಿತು. ಪಕ್ಕದ ಮಂಚದಲ್ಲಿ ಇನ್ನೊಂದು ಸಮುದಾಯದ ಹುಡುಗ. ಅವನ ಕೈ ಮುರಿದಿತ್ತು. ಎರಡೂ ಕಡೆಯವರು ಮುಖ ತಿರುಗಿಸಿ ಕೂತಿದ್ದೆವು. ಹೊರಗೆ ಹೋಗುವಂತಿರಲಿಲ್ಲ, ಮನೆಯಿಂದ ಊಟ ಬರುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಹುಡುಗನ ತಾಯಿ ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿ ಸುರಿದು ನನ್ನ ಉಮ್ಮನ ಮುಂದೆ ಹಿಡಿದರು. "ತಗೊಳ್ಳಿ ಅಕ್ಕಾ, ಬೆಳಿಗ್ಗೆಯಿಂದ ನೀವೂ ಏನೂ ತಿಂದಿಲ್ಲ" ಎಂದರು. ಉಮ್ಮ ಒಂದು ಕ್ಷಣ ಸುಮ್ಮನಿದ್ದು ತೆಗೆದುಕೊಂಡರು. ಸಂಜೆ ನಮ್ಮ ಕಡೆಯ ಯಾರೋ ಹೇಗೋ ತಲುಪಿಸಿದ ಬ್ರೆಡ್ಡಿನಲ್ಲಿ ಅರ್ಧ ಆ ಕಡೆ ಹೋಯಿತು.

ಅಂದು ರಾತ್ರಿ ಹೊರಗೆ ಏನೋ ಸುದ್ದಿ ಹಬ್ಬಿತು. ಆಸ್ಪತ್ರೆಯ ಗೇಟಿನ ಬಳಿ ಜನ ಸೇರಿದ್ದಾರಂತೆ ಎಂದು ಯಾರೋ ಹೇಳಿದರು. ಯಾವ ಕಡೆಯ ಜನ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ತಾಯಿ ಎದ್ದು ಹೋಗಿ ಮಗನ ಮಂಚಕ್ಕೆ ಅಡ್ಡ ನಿಂತರು. ನನ್ನ ಉಮ್ಮ ಅಣ್ಣನ ಮಂಚಕ್ಕೆ ಅಡ್ಡ ನಿಂತರು. ಬೆಳಗಾಗುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಸುದ್ದಿ ಸುಳ್ಳಾಗಿತ್ತು. ಆಮೇಲೆ ಮತ್ತೆ ಗಂಜಿಯ ಫ್ಲಾಸ್ಕು ಹೊರಗೆ ಬಂತು. ಆದರೆ ಆ ರಾತ್ರಿಯನ್ನು ನಾನು ಮರೆತಿಲ್ಲ. ಮನುಷ್ಯರ ಒಳ್ಳೆಯತನ ಸುಳ್ಳಲ್ಲ. ಭಯ ಬಂದಾಗ ಅದು ಒಂಟಿಯಾಗಿ ನಿಲ್ಲಲಾರದು, ಅಷ್ಟೇ.

ಡ್ಯುನಾಂಟನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಅವನು ಅಷ್ಟೊಂದು ನೀರು ಕುಡಿಸಿದ್ದು ದೊಡ್ಡದು. ಆದರೆ ಕಾಸ್ತಿಲ್ಯೋನೆಯ ಹೆಂಗಸರೂ ಅದನ್ನು ಮಾಡಿದ್ದರು. ಅವರ ಹೆಸರುಗಳು ಎಲ್ಲಿಯೂ ಕಾಣಿಸುವುದಿಲ್ಲ. ಡ್ಯುನಾಂಟ್ ಊರಿಗೆ ಹೋಗಿ ತಾನು ಕಂಡದ್ದನ್ನೆಲ್ಲ ಬರೆದು, 1862ರಲ್ಲಿ ಸ್ವಂತ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿ ಯುರೋಪಿನ ಅರಸರಿಗೆ, ಮಂತ್ರಿಗಳಿಗೆ, ಸೇನಾನಿಗಳಿಗೆ ಕಳಿಸಿದ. ಯುದ್ಧ ಕೆಟ್ಟದ್ದು ಎಂದು ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಎರಡು ಕೆಲಸ ಆಗಬೇಕು ಎಂದ. ಮೊದಲನೆಯದು, ಗಾಯಾಳುಗಳ ಸೇವೆಗೆ ಶಾಂತಿಯ ಕಾಲದಲ್ಲೇ ಎಲ್ಲ ದೇಶಗಳಲ್ಲಿ ಜನರನ್ನು ಸಂಘಟಿಸಿ ತರಬೇತು ಮಾಡಿಡಬೇಕು. ಎರಡನೆಯದು, ಗಾಯಾಳುವನ್ನೂ ಅವನ ಆರೈಕೆ ಮಾಡುವವರನ್ನೂ ಯಾವ ಕಡೆಯವರೂ ಮುಟ್ಟಬಾರದು ಎಂದು ಸರಕಾರಗಳು ಯುದ್ಧಕ್ಕೆ ಮೊದಲೇ ಮಾತು ಕೊಟ್ಟಿರಬೇಕು. ಭಯ ಬಂದ ಮೇಲೆ ಮಾತು ಕೊಡುವವರಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ.

ಅದು ಬೇಗ ಫಲ ಕೊಟ್ಟಿತು. 1863ರ ಫೆಬ್ರವರಿ 17ರಂದು ಜಿನೀವಾದಲ್ಲಿ ಐವರ ಸಮಿತಿ ಮೊದಲ ಸಭೆ ನಡೆಸಿತು. ಅದರಲ್ಲಿ ದ್ಯುಫೂರ್ ಎಂಬ ಹಿರಿಯ ಸೇನಾನಿ, ಮೊಯ್ನಿಯೇ ಎಂಬ ವಕೀಲ, ಇಬ್ಬರು ವೈದ್ಯರು ಮತ್ತು ಡ್ಯುನಾಂಟ್ ಇದ್ದರು. ಮುಂದೆ ಅದೇ ರೆಡ್ ಕ್ರಾಸ್ ಆಯಿತು. 1864ರ ಆಗಸ್ಟ್ 22ರಂದು 12 ದೇಶಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಇದ್ದದ್ದು ಹತ್ತೇ ಕಲಮುಗಳು. ಆಸ್ಟ್ರಿಯ ಆಗ ಸೇರಲಿಲ್ಲ. 1866ರ ಜುಲೈಯಲ್ಲಿ ಕೋನಿಗ್‌ಗ್ರೆಟ್ಸ್ ಕದನದಲ್ಲಿ ಪ್ರಷ್ಯದ ಹೊಸ ಬಂದೂಕುಗಳ ಎದುರು ಅದರ ಸೈನ್ಯ ನುಚ್ಚುನೂರಾದ ಮೇಲೆ ಅದೇ ತಿಂಗಳು ಸೇರಿಕೊಂಡಿತು. ಆ ಸೈನ್ಯದ ಸೇನಾನಿ ಸ್ಯಾನ್ ಮಾರ್ಟಿನೊದಲ್ಲಿ ಹೆಸರು ಮಾಡಿದ್ದ ಅದೇ ಬೆನೆಡೆಕ್.

ತುರ್ಕಿಯ ಉಸ್ಮಾನಿಯಾ ಸರಕಾರ 1865ರಲ್ಲೇ ಒಪ್ಪಂದಕ್ಕೆ ಸೇರಿತ್ತು. 1876ರಲ್ಲಿ ಬಾಲ್ಕನ್ ಯುದ್ಧದ ಹೊತ್ತಿಗೆ ತನ್ನ ಆಂಬುಲೆನ್ಸುಗಳ ಮೇಲೆ ಶಿಲುಬೆಯ ಬದಲು ಕೆಂಪು ಅರ್ಧಚಂದ್ರ ಹಾಕುವುದಾಗಿ ತಿಳಿಸಿತು. ಎದುರಾಳಿಯ ಶಿಲುಬೆಯನ್ನು ಗೌರವಿಸುತ್ತೇವೆ, ನಮ್ಮ ಚಂದ್ರನನ್ನು ನೀವು ಗೌರವಿಸಿ ಎಂಬುದು ಅದರ ಒಟ್ಟು ಅರ್ಥ. ಗುರುತು ಬೇರೆಯಾದರೂ ಅದು ಕಾಯುವ ಜೀವ ಒಂದೇ ಎಂಬುದನ್ನು ಜಗತ್ತು ಒಪ್ಪಿಕೊಂಡಿತು. 1929ರ ಒಪ್ಪಂದದಲ್ಲಿ ಅರ್ಧಚಂದ್ರಕ್ಕೂ ಅಧಿಕೃತ ಮಾನ್ಯತೆ ಸಿಕ್ಕಿತು.

ಡ್ಯುನಾಂಟನ ಗತಿ ಏನಾಯಿತು? ಯಾವ ಅಲ್ಜೀರಿಯದ ನೆಲಕ್ಕಾಗಿ ಅವನು ಚಕ್ರವರ್ತಿಯ ಬೆನ್ನು ಹತ್ತಿದ್ದನೋ ಆ ವ್ಯವಹಾರವೇ ಅವನನ್ನು ಮುಳುಗಿಸಿತು. 1867ರಲ್ಲಿ ದಿವಾಳಿಯಾದ. ಅವನು ಹುಟ್ಟುಹಾಕಿದ ಸಮಿತಿಯೇ ಅವನನ್ನು ಹೊರಗಿಟ್ಟಿತು. ಜಿನೀವಾ ಬಿಟ್ಟವನು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಬಡತನದಲ್ಲಿ ಊರೂರು ಅಲೆದು ಕೊನೆಗೆ ಹೈಡನ್ ಎಂಬ ಸ್ವಿಸ್ ಹಳ್ಳಿಯ ಆಸ್ಪತ್ರೆಯೊಂದರಲ್ಲಿ ಆಸರೆ ಪಡೆದ. 1895ರಲ್ಲಿ ಒಬ್ಬ ಪತ್ರಕರ್ತ ಅವನ ಬಗ್ಗೆ ಬರೆದಾಗಲೇ ಅವನಿನ್ನೂ ಬದುಕಿದ್ದಾನೆ ಎಂಬುದು ಜಗತ್ತಿಗೆ ತಿಳಿದದ್ದು. 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಅವನಿಗೂ ಫ್ರಾನ್ಸಿನ ಫ್ರೆಡೆರಿಕ್ ಪಾಸಿಗೂ ಸಂದಿತು. 1910ರಲ್ಲಿ ಆ ಆಸ್ಪತ್ರೆಯಲ್ಲೇ ತೀರಿಕೊಂಡ. ಅವನನ್ನು ದೇವದೂತನನ್ನಾಗಿ ಮಾಡುವ ಅಗತ್ಯವಿಲ್ಲ. ಕಿತ್ತುಕೊಂಡ ನೆಲದಿಂದ ಲಾಭ ಬಯಸಿದವನೂ ಅವನೇ, ಸಾಯುತ್ತಿದ್ದ ಅರಬ್ ಸೈನಿಕನಿಗೂ ಭೇದವಿಲ್ಲದೆ ನೀರು ದೊರೆಯುವಂತೆ ಮಾಡಿದವನೂ ಅವನೇ. ಎರಡನ್ನೂ ಒಟ್ಟಿಗೆ ಹೇಳುವುದೇ ನ್ಯಾಯ.

ಈ ಒಪ್ಪಂದಗಳಿಂದ ಏನು ಉಪಯೋಗವಾಯಿತು ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಪೊಳ್ಳಲ್ಲ. 1949ರಲ್ಲಿ ಜಿನೀವಾ ಒಪ್ಪಂದಗಳನ್ನು ನಾಗರಿಕರ ರಕ್ಷಣೆಗೂ ವಿಸ್ತರಿಸಲಾಯಿತು. ಹಾಗಿದ್ದೂ 1995ರ ಜುಲೈಯಲ್ಲಿ ಅದೇ ಯುರೋಪಿನ ಬೋಸ್ನಿಯದ ಸ್ರೆಬ್ರೆನಿಕಾದಲ್ಲಿ, ವಿಶ್ವಸಂಸ್ಥೆ ಸುರಕ್ಷಿತ ಎಂದು ಘೋಷಿಸಿದ್ದ ಪಟ್ಟಣದಲ್ಲಿ, 8 ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರ ಕೊಲೆಯಾಯಿತು. 2022ರ ಮಾರ್ಚಿನಲ್ಲಿ ಉಕ್ರೇನಿನ ಮರಿಯುಪೋಲ್‌ನಲ್ಲಿ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ಮಾತು ಕೊಟ್ಟವರು ಮಾತು ಮುರಿದಿದ್ದಾರೆ.

ಆದರೂ ಒಂದು ವ್ಯತ್ಯಾಸವಿದೆ. ಸ್ರೆಬ್ರೆನಿಕಾದ ಸೇನಾನಿ ರಾಟ್ಕೊ ಮ್ಲಾದಿಚ್‌ಗೆ 2017ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ವಿಧಿಸಿತು. ನಿಯಮವೇ ಇಲ್ಲದ ಕಾಲದಲ್ಲಾಗಿದ್ದರೆ ಅವನು ಒಂದು ಪಟ್ಟಣ ಗೆದ್ದ ಸೇನಾನಿಯಾಗಿ ಪುಸ್ತಕದಲ್ಲಿ ಉಳಿಯುತ್ತಿದ್ದ. ಈಗ ಅವನ ಹೆಸರಿನ ಮುಂದೆ ಅಪರಾಧಿ ಎಂದು ಬರೆಯಬಹುದು. ಸತ್ತವರು ಮರಳಿ ಬರುವುದಿಲ್ಲ. ಆದರೆ ಅವರ ತಾಯಂದಿರು ನ್ಯಾಯಾಲಯದ ಮುಂದೆ ನಿಂತು ಕೇಳಲು ಒಂದು ಆಧಾರವಾಯಿತು.

ಇನ್ನು ಸೋಲ್ಫೆರಿನೊದ ಲೆಕ್ಕ. ಕದನದ ನಂತರ ಮೂರು ವಾರ ಕಳೆಯುವುದರೊಳಗೆ, ಜುಲೈ 11ರಂದು ವಿಲ್ಲಾಫ್ರಾಂಕಾದಲ್ಲಿ ಇಬ್ಬರು ಚಕ್ರವರ್ತಿಗಳು ಭೇಟಿಯಾಗಿ ಯುದ್ಧ ನಿಲ್ಲಿಸಲು ಒಪ್ಪಿದರು. ಲೊಂಬಾರ್ಡಿ ಕೈಬದಲಾಯಿತು, ವೆನಿಸ್ ಇನ್ನೂ ಏಳು ವರ್ಷ ಆಸ್ಟ್ರಿಯದಲ್ಲೇ ಉಳಿಯಿತು. ಗೆದ್ದ ಮೂರನೆಯ ನೆಪೋಲಿಯನ್ 1870ರಲ್ಲಿ ಸೆಡಾನ್‌ನಲ್ಲಿ ಪ್ರಷ್ಯದವರ ಸೆರೆಯಾಳಾದ. ಅದೇ ವರ್ಷ ಸೋಲ್ಫೆರಿನೊದ ಚರ್ಚೊಂದರಲ್ಲಿ ಹೊಲಗದ್ದೆಗಳಿಂದ ಆರಿಸಿ ತಂದ ಸಾವಿರಾರು ಸೈನಿಕರ ಎಲುಬುಗಳನ್ನು ಜೋಡಿಸಿಟ್ಟರು. ಯಾವುದು ಯಾರ ಕಡೆಯದು ಎಂದು ವಿಂಗಡಿಸುವುದು ಸಾಧ್ಯವಿರಲಿಲ್ಲ.

ನಮ್ಮ ಊರುಗಳಲ್ಲಿ ಗಲಭೆ ನಡೆದ ಮೇಲೆ ಶಾಂತಿಸಭೆ ಕರೆಯುವ ವಾಡಿಕೆಯಿದೆ. ವೇದಿಕೆಯ ಮೇಲೆ ಎಲ್ಲರೂ ಒಳ್ಳೆಯ ಮಾತಾಡುತ್ತಾರೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿ ಹೋಗಿರುತ್ತದೆ. ಸೋಲ್ಫೆರಿನೊದಿಂದ ಕಲಿಯಬೇಕಾದ ಪಾಠವೆಂದರೆ ಆ ಸಭೆಯ ಸಮಯ ಬದಲಾಗಬೇಕು ಎಂಬುದು. ಯಾರೂ ಕಲ್ಲೆಸೆಯದ ದಿನಗಳಲ್ಲಿ, ಯಾರಿಗೂ ಭಯವಿಲ್ಲದ ದಿನಗಳಲ್ಲಿ ಅಕ್ಕಪಕ್ಕದವರು ಕೂತು ಮಾತಾಡಬೇಕು. ಕರ್ಫ್ಯೂ ಬಂದರೆ ಹಾಲು ತರುವವರು ಯಾರು, ಹೆರಿಗೆ ನೋವು ಬಂದರೆ ಗಾಡಿ ಯಾರದು, ಸುದ್ದಿ ಬಂದರೆ ನಿಜವೋ ಸುಳ್ಳೋ ಎಂದು ಯಾರಿಗೆ ಫೋನ್ ಮಾಡಿ ಕೇಳಬೇಕು. ಇವೆಲ್ಲ ಸಣ್ಣ ವಿಷಯಗಳು. ಬಕೆಟ್ಟಿನಲ್ಲಿ ನೀರು ತರಿಸಿದಷ್ಟೇ ಸಣ್ಣ ವಿಷಯಗಳು.

ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೇರಿ ರಕ್ತದಾನಿಗಳ ಒಂದು ಪಟ್ಟಿ ಮಾಡಿದ್ದೇವೆ. ಈಗ ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ. ಅಂಗಡಿಯವರು, ಆಟೋದವರು, ಬೀಡಿ ಕಟ್ಟುವ ಹೆಂಗಸರು, ಕಾಲೇಜು ಹುಡುಗರು ಎಲ್ಲರೂ ಇದ್ದಾರೆ. ಹೆಸರು, ರಕ್ತದ ಗುಂಪು, ಫೋನ್ ನಂಬರು ಎಂದು ಮೂರೇ ಕಾಲಂ. ನಾಲ್ಕನೆಯದು ಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ.